ಹಲ್ಲಿನ ಕ್ಲಿನಿಕ್‌ನಲ್ಲಿ ಬಿಡಿಸಿ ಹೇಳುವವರು ಬೇಕು

ಸಂಪಾದಕರೇ,

ಹಲ್ಲಿನ ಕ್ಲಿನಿಕ್‌ಗಳಲ್ಲಿ ಪೇಷೆಂಟ್ ಕೋಆರ್ಡಿನೇಟರ್ ಅಂದರೆ ಟೋಕನ್ ಕೊಟ್ಟು ದುಡ್ಡು ತೆಗೆದುಕೊಳ್ಳುವವರು ಎಂದೇ ಬಹಳ ಜನ ತಿಳಿದಿದ್ದಾರೆ. ಅವರ ಕೆಲಸ ಅದಕ್ಕಿಂತ ಜಾಸ್ತಿ. ಬಿಪಿ, ಶುಗರ್, ರಕ್ತ ತೆಳುವಾಗುವ ಮಾತ್ರೆ ಇದೆಯಾ ಎಂದು ಹಲ್ಲು ಕೀಳುವ ಮೊದಲೇ ಕೇಳಿ ಡಾಕ್ಟರಿಗೆ ತಿಳಿಸಬೇಕು. ರೂಟ್ ಕೆನಾಲ್‌ಗೆ (ಹಲ್ಲಿನ ಬೇರಿನೊಳಗೆ ಶುಚಿ ಮಾಡಿ ತುಂಬುವ ಚಿಕಿತ್ಸೆ) ಎಷ್ಟು ಸಲ ಬರಬೇಕು, ಆಮೇಲೆ ಹಲ್ಲಿನ ಮೇಲೆ ಹಾಕುವ ಕ್ಯಾಪ್‌ಗೆ ಬೇರೆ ಎಷ್ಟಾಗುತ್ತದೆ ಎಂದು ಬಿಡಿಸಿ ಹೇಳಬೇಕು. ನೋವು ಹೋಯ್ತಲ್ಲ ಎಂದು ಎಷ್ಟೋ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ರೂಟ್ ಕೆನಾಲ್ ಆದಮೇಲೆ ಕ್ಯಾಪ್ ಹಾಕಿಸದ ದವಡೆ ಹಲ್ಲು ಚಕ್ಕುಲಿ ಕಡಿದಾಗ ಸೀಳಿಹೋಗಬಹುದು. ಹೀಗೆ ಅರ್ಧಕ್ಕೆ ಬಿಟ್ಟವರಿಗೆ ಕೋಆರ್ಡಿನೇಟರ್ ಒಂದು ಫೋನ್ ಮಾಡಿದರೂ ಸಾಕು, ಹಲವರು ಬರುತ್ತಾರೆ. ಹಲ್ಲು ಕೀಳಿಸಿಕೊಂಡ ಅಜ್ಜಿಗೆ ‘ಹತ್ತಿ ಕಚ್ಚಿಕೊಂಡಿರಿ, ಉಗುಳಬೇಡಿ, ಇವತ್ತು ಬಿಸಿ ಕಾಫಿ ಬೇಡ’ ಎಂದು ನಿಧಾನವಾಗಿ ಕನ್ನಡದಲ್ಲಿ ಹೇಳುವವರು ಬೇಕು, ಅಲ್ವಾ? ಕ್ಲಿನಿಕ್ ನಡೆಸುವವರು ಇವರಿಗೆ ಸರಿಯಾದ ತರಬೇತಿ, ಒಳ್ಳೆಯ ಸಂಬಳ ಕೊಡಲಿ.

– ಒಬ್ಬ ಓದುಗ, ಹಾಸನ