ದೊಡ್ಡವರ ಷೇರು ಪಟ್ಟಿ ನೆಚ್ಚಿ ಕೆಡಬೇಡಿ

ಮಾನ್ಯರೇ,

ದೊಡ್ಡ ಹೂಡಿಕೆದಾರರು ಯಾವ ಷೇರು ಕೊಂಡರು ಎಂಬ ಪಟ್ಟಿ ಮೂರು ತಿಂಗಳಿಗೊಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಅದನ್ನು ನಂಬಿ ಕೊಳ್ಳುವವರು, ಪಟ್ಟಿ ಹುಟ್ಟುವುದು ಹೇಗೆಂದು ಒಮ್ಮೆ ನೋಡಬೇಕು. ಶೇ 1 ಅಥವಾ ಹೆಚ್ಚು ಪಾಲು ಇರುವವರ ಹೆಸರನ್ನಷ್ಟೇ ಕಂಪನಿ ಪ್ರಕಟಿಸುತ್ತದೆ. ಅದಕ್ಕೂ ತ್ರೈಮಾಸಿಕ ಮುಗಿದ ಮೇಲೆ 21 ದಿನಗಳ ಗಡುವಿದೆ. ಏಪ್ರಿಲ್ ಮೊದಲ ವಾರ ಕೊಂಡದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಜುಲೈ ಮೂರನೇ ವಾರ ಬಂದಿರಬಹುದು. ಪಾಲು ಶೇ 1.05ರಿಂದ 0.95ಕ್ಕೆ ಇಳಿದರೂ ಹೆಸರು ಮಾಯ, ಪೂರ್ತಿ ಮಾರಿದರೂ ಮಾಯ. ಇನ್ನು, ಅವರಿಗೆ ಅದು ಆಸ್ತಿಯ ನೂರರಲ್ಲೊಂದು ಪಾಲು ಇದ್ದೀತು. ನಕಲು ಮಾಡಿದವರಿಗೆ ಮಗಳ ಮದುವೆಗೆ ಕೂಡಿಟ್ಟ ದುಡ್ಡು.

ಸಿರಿವಂತರಿಂದ ಕಲಿಯುವುದಾದರೆ ಖರ್ಚಿನ ಮೇಲೆ ಅವರಿಡುವ ಕಣ್ಣನ್ನು ಕಲಿಯಬೇಕು. ಷೇರು ಆರಿಸುವುದರಲ್ಲೇ ಹೆಸರಾದ ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್, ತಮ್ಮ ನಂತರ ಪತ್ನಿಗೆ ಸೇರುವ ಹಣದ ಶೇ 90 ಭಾಗ ಕಡಿಮೆ ವೆಚ್ಚದ ಇಂಡೆಕ್ಸ್ ಫಂಡ್‌ಗೆ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಫಂಡ್), ಉಳಿದ ಶೇ 10 ಅಲ್ಪಾವಧಿ ಸರ್ಕಾರಿ ಬಾಂಡ್‌ಗೆ ಹೋಗಲಿ ಎಂದು ತಮ್ಮ ಕಂಪನಿಯ ಷೇರುದಾರರಿಗೆ ಬರೆಯುವ 2013ರ ವಾರ್ಷಿಕ ಪತ್ರದಲ್ಲಿ ಬರೆದರು. ಇಂಡೆಕ್ಸ್ ಫಂಡ್ ಹೆಚ್ಚು ಗಳಿಸುತ್ತದೋ ಹೆಡ್ಜ್ ಫಂಡೋ ಎಂದು ಅವರು ಕಟ್ಟಿದ್ದ, 2008ರಿಂದ 2017ರವರೆಗಿನ ಹತ್ತು ವರ್ಷದ ಪಂದ್ಯದಲ್ಲಿ ಅವರ ಇಂಡೆಕ್ಸ್ ಫಂಡ್ ಶೇ 125ಕ್ಕೂ ಹೆಚ್ಚು ಬೆಳೆಯಿತು. ಎದುರಾಳಿ ಆರಿಸಿದ ಐದು ಹೆಡ್ಜ್ ಫಂಡ್ (ಸಿರಿವಂತರ ಹಣ ತೊಡಗಿಸುವ, ದುಬಾರಿ ಶುಲ್ಕದ ಫಂಡ್) ಗುಚ್ಛಗಳಲ್ಲಿ ಒಂದೂ ಅದರ ಹತ್ತಿರ ಸುಳಿಯಲಿಲ್ಲ. ಶುಲ್ಕದ ಮೇಲೆ ಶುಲ್ಕ ಬಿದ್ದು ಅವುಗಳ ಲಾಭ ಕರಗಿಹೋಗಿತ್ತು.

ನಮ್ಮಲ್ಲಿ ಆ ಶುಲ್ಕ ಕೂತಿರುವುದು ಮ್ಯೂಚುವಲ್ ಫಂಡ್‌ನ ರೆಗ್ಯುಲರ್ ಪ್ಲಾನ್‌ನಲ್ಲಿ, ಅಂದರೆ ಏಜೆಂಟರ ಮೂಲಕ ಕೊಳ್ಳುವ ಪ್ಲಾನ್‌ನಲ್ಲಿ. ಏಜೆಂಟರಿಗೆ ನಾವು ಕೈಯಾರೆ ಏನೂ ಕೊಡುವುದಿಲ್ಲ, ನಿಜ. ಆದರೆ ಹಣ ಇರುವಷ್ಟು ದಿನವೂ ಅವರ ಕಮಿಷನ್ ನಮ್ಮ ಎನ್‌ಎವಿಯಿಂದಲೇ (ಒಂದು ಯೂನಿಟ್‌ನ ಬೆಲೆ) ಹೋಗುತ್ತಿರುತ್ತದೆ. 2013ರ ಜನವರಿಯಿಂದ ಡೈರೆಕ್ಟ್ ಪ್ಲಾನ್ ಇದೆ. ಫಂಡ್ ಅದೇ, ಮ್ಯಾನೇಜರ್ ಅವರೇ, ಕಮಿಷನ್ ಮಾತ್ರ ಇಲ್ಲ. ಎಸ್‌ಐಪಿಯಲ್ಲಿ (ತಿಂಗಳ ಕಂತಿನ ಹೂಡಿಕೆ) ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ನಾವು ಹಾಕುವುದು 12 ಲಕ್ಷ. ವರ್ಷಕ್ಕೆ ಶೇ 12 ಬೆಳೆದರೆ ಸುಮಾರು 50 ಲಕ್ಷ, ಕಮಿಷನ್‌ಗೆ ಶೇ 1 ಹೋಗಿ ಶೇ 11 ಬೆಳೆದರೆ ಸುಮಾರು 43.7 ಲಕ್ಷ. ಒಂದೇ ಒಂದು ಶೇಕಡಾ, ಆರು ಲಕ್ಷ!

ನಿಮ್ಮ ಸ್ಟೇಟ್‌ಮೆಂಟ್ ತೆಗೆದು ಸ್ಕೀಮಿನ ಹೆಸರಿನ ಕೊನೆ ನೋಡಿ. 'ರೆಗ್ಯುಲರ್' ಎಂದಿದ್ದರೆ ಹತ್ತಿರದಲ್ಲೇ ಏಜೆಂಟರ ಎಆರ್‌ಎನ್ (ನೋಂದಣಿ) ಸಂಖ್ಯೆಯೂ ಇರುತ್ತದೆ. ಹಾಗೆಂದು ಇವತ್ತೇ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಒಂದೇ ಫಂಡ್‌ನೊಳಗೆ ಪ್ಲಾನ್ ಬದಲಿಸಿದರೂ ತೆರಿಗೆ ಇಲಾಖೆಯ ಕಣ್ಣಿಗೆ ಅದು ಮಾರಾಟವೇ. ಮೊದಲು ಹಳೆಯ ಎಸ್‌ಐಪಿ ನಿಲ್ಲಿಸಿ ಡೈರೆಕ್ಟ್‌ನಲ್ಲಿ ಹೊಸದು ಶುರು ಮಾಡಿ. ಹಳೆಯ ಯೂನಿಟ್‌ಗಳನ್ನು ಕಂತಿನಲ್ಲಿ ಸಾಗಿಸಿ. ಈಕ್ವಿಟಿ (ಷೇರು ಆಧಾರಿತ) ಫಂಡ್ ಆದರೆ ಒಂದು ವರ್ಷ ತುಂಬದ ಯೂನಿಟ್‌ಗೆ ಸಾಮಾನ್ಯವಾಗಿ ಶೇ 1 ಎಕ್ಸಿಟ್ ಲೋಡ್ (ಹೊರಬರುವ ಶುಲ್ಕ), ಲಾಭವಿದ್ದರೆ ಅದರ ಮೇಲೆ ಶೇ 20 ತೆರಿಗೆ. ಎಸ್‌ಐಪಿಯಲ್ಲಿ ಪ್ರತಿ ಕಂತಿಗೂ ವರ್ಷದ ಲೆಕ್ಕ ಬೇರೆ. ವರ್ಷ ದಾಟಿದ ಯೂನಿಟ್‌ಗಳ ಲಾಭ ಆರ್ಥಿಕ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಮುಕ್ತ, ಮೇಲಿನದಕ್ಕೆ ಶೇ 12.5. ವರ್ಷ ದಾಟಿದ ಷೇರು ಮಾರಿದ ಲಾಭವೂ ಈ 1.25 ಲಕ್ಷದೊಳಗೇ ಬರುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಸಾಗಿಸಿದರೆ ಎರಡು ವರ್ಷದ ವಿನಾಯಿತಿ ಒಟ್ಟಿಗೇ ಸಿಕ್ಕಂತೆ.

ಉಳ್ಳವರ ಇನ್ನೊಂದು ಅಭ್ಯಾಸ, ಮಾರುಕಟ್ಟೆ ಬಿದ್ದಾಗ ಮಾರದಿರುವುದು. ಇದು ಎದೆಗಾರಿಕೆಯ ಮಾತಲ್ಲ, ಕೈಯಲ್ಲಿ ಬೇರೆ ದುಡ್ಡಿರುತ್ತದೆ ಅಷ್ಟೆ. 2020ರ ಜನವರಿಯಲ್ಲಿ 12,300 ದಾಟಿದ್ದ ಷೇರು ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಕುಸಿಯಿತು, ನವೆಂಬರ್‌ನಲ್ಲಿ 13,000 ಮುಟ್ಟಿತು. ಸಂಬಳ ನಿಂತು ಮನೆ ಖರ್ಚಿಗೆಂದು ಮಾರ್ಚ್‌ನಲ್ಲಿ ಮಾರಿದವರಿಗೆ ನವೆಂಬರ್ ಸಿಗಲಿಲ್ಲ. ಹಾಗಾಗಿ ಎಸ್‌ಐಪಿಗೆ ಮೊದಲು ಆರು ತಿಂಗಳ ಖರ್ಚು ಸಾದಾ ಎಫ್‌ಡಿಯಲ್ಲಿರಲಿ. ತೆರಿಗೆ ಉಳಿಸುವ 5 ವರ್ಷದ ಎಫ್‌ಡಿಯಲ್ಲಿ ಈ ಹಣ ಇಡಬೇಡಿ, ಅದನ್ನು ನಡುವೆ ಮುರಿಯಲು ಬರುವುದಿಲ್ಲ.

– ಓದುಗರೊಬ್ಬರು, ದಾವಣಗೆರೆ