ವೀಲ್ ಸಿಲಿಂಡರ್ ಕಪ್ ಉಬ್ಬಿ ಗಾಲಿ ಹಿಡಿಯುತ್ತಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಬಿಡಿಭಾಗ ಮಾರಾಟ ವಿಭಾಗ

ವಿಷಯ: 1978ರ ಪ್ರೀಮಿಯರ್ ಪದ್ಮಿನಿಗೆ ಕಳಿಸಿದ ಹಿಂದಿನ ಬ್ರೇಕ್ ಕಿಟ್.

ಮಾನ್ಯರೇ,

ನಿಮ್ಮ ಕಿಟ್‌ನ ನಾಲ್ಕು ರಬ್ಬರ್ ಕಪ್‌ಗಳನ್ನು (ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರ್‌ನಿಂದ ಆಯಿಲ್ ಸೋರದಂತೆ ತಡೆಯುವ ಸೀಲ್‌ಗಳು) ಹಿಂದಿನ ಎರಡು ಗಾಲಿಗೆ ಹಾಕಿ ಮೂರು ವಾರವೂ ಆಗಿಲ್ಲ. ಮೊದಲು ಎಡಗಾಲಿ, ನಾಲ್ಕು ದಿನ ಬಿಟ್ಟು ಬಲಗಾಲಿ ಹಿಡಿದುಕೊಂಡಿತು. ಪೆಡಲ್‌ನಿಂದ ಕಾಲು ತೆಗೆದರೂ ಬ್ರೇಕ್ ಶೂ ಹಿಂದೆ ಸರಿಯುವುದಿಲ್ಲ. ಕೌಲ್ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಡ್ರಮ್ ಮುಟ್ಟಲಾಗದಷ್ಟು ಕಾಯುತ್ತದೆ.

ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲವಾಗಿಯೇ ಇದೆ, ರಿಟರ್ನ್ ಸ್ಪ್ರಿಂಗ್ ಬಿಗಿಯಾಗಿದೆ. ಬ್ಲೀಡರ್ ನಿಪ್ಪಲ್ (ಗಾಲಿಯ ಬಳಿ ಆಯಿಲ್, ಗಾಳಿ ಹೊರಬಿಡುವ ತಿರುಪು) ಬಿಚ್ಚಿದರೂ ಗಾಲಿ ಬಿಡಲಿಲ್ಲ. ಬ್ರೇಕ್ ಹೋಸ್ ಒಳಗೆ ಕಟ್ಟಿಕೊಂಡಿದ್ದರೆ ಅಥವಾ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ ಒತ್ತಡ ಉಳಿದಿದ್ದರೆ ಆಗಲೇ ಬಿಡಬೇಕಿತ್ತು. ಸಿಲಿಂಡರ್ ಬಿಚ್ಚಿದರೆ ಕಪ್ ಮೆತ್ತಗಾಗಿ, ತುಟಿ ಹೊರಳಿ, ಪಿಸ್ಟನ್ ಬೆರಳಿಗೆ ಜಾರದಂತೆ ಕಚ್ಚಿಕೊಂಡಿತ್ತು.

ಮನೆಯಲ್ಲಿ ಪೆಟ್ರೋಲ್ ಹಾಕಿ ತೊಳೆದಿರುತ್ತೀರಿ, ಇಲ್ಲವೇ ಗ್ರೀಸ್ ಹಚ್ಚಿರುತ್ತೀರಿ ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಪೆಟ್ರೋಲ್, ಸೀಮೆಎಣ್ಣೆ, ಗ್ರೀಸ್ ತಗುಲಿದರೆ ಬ್ರೇಕ್ ಕಪ್ ಉಬ್ಬುವುದು ನಿಜ. ಅದಕ್ಕೇ ಸಿಲಿಂಡರನ್ನು ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಕಪ್‌ಗೂ ಅದನ್ನೇ ಸವರಿ ಕೂರಿಸಲಾಗಿದೆ. ಸೀಲ್ ಒಡೆಯದ ಡಾಟ್ 3 (ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್) ಡಬ್ಬಿ ತಂದು, ಹಳೆಯ ಆಯಿಲ್ ಪೂರ್ತಿ ಹೊರಹಾಕಿ, ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮದಲ್ಲಿ ಗಾಳಿ ತೆಗೆಯಲಾಗಿದೆ. ಮುಂದಿನ ಗಾಲಿಗಳಲ್ಲೂ ಅದೇ ಆಯಿಲ್ ಇದೆ. ಅಲ್ಲಿನ ಹಳೆಯ ಕಪ್‌ಗಳಿಗೆ ಏನೂ ಆಗಿಲ್ಲ.

ಜೊತೆಗೆ ತರಿಸಿದ್ದ ಇನ್ನೊಂದು ಪ್ಯಾಕೆಟ್‌ನಿಂದ ಒಂದು ಕಪ್ ತೆಗೆದು, ಗಾಜಿನ ಬಾಟಲಿಯಲ್ಲಿ ಡಾಟ್ 3 ಹಾಕಿ ಮುಳುಗಿಸಿಟ್ಟೆ. ಪಕ್ಕದ ಬಾಟಲಿಯಲ್ಲಿ ಬಿಚ್ಚಿದ ಹಳೆಯ ಕಪ್. ಐದು ದಿನ ಬಿಟ್ಟು ವರ್ನಿಯರ್ ಹಿಡಿದರೆ ಹಳೆಯದು ಇದ್ದಷ್ಟೇ ಇದೆ, ನಿಮ್ಮದು 1.4 ಮಿ.ಮೀ. ಹಿಗ್ಗಿದೆ. ಆ ಬಾಟಲಿಗೆ ಪೆಟ್ರೋಲೂ ಬಿದ್ದಿಲ್ಲ, ಗ್ರೀಸೂ ಬಿದ್ದಿಲ್ಲ. ನಿಮ್ಮ ಕಪ್ ನೈಟ್ರೈಲ್ ರಬ್ಬರಿನದೇ ಇರಬೇಕೆಂದು ನನ್ನ ಅನುಮಾನ. ಆ ರಬ್ಬರ್ ಎಂಜಿನ್ ಆಯಿಲ್ ತಡೆಯುತ್ತದೆ, ಗ್ಲೈಕಾಲ್ ಬ್ರೇಕ್ ಆಯಿಲ್‌ನಲ್ಲಿ ಉಬ್ಬುತ್ತದೆ. ಬ್ರೇಕ್‌ಗೆ ಆ ಆಯಿಲ್ ತಡೆಯುವ ಇಪಿಡಿಎಂ ಅಥವಾ ಎಸ್‌ಬಿಆರ್ ಎಂಬ ರಬ್ಬರ್ ಬೇಕು. ನಿಮ್ಮ ಪ್ಯಾಕೆಟ್ ಮೇಲೆ ಯಾವ ರಬ್ಬರ್ ಎಂದಾಗಲಿ, ಬ್ಯಾಚ್ ನಂಬರ್ ಆಗಲಿ ಇಲ್ಲ.

ಈ ಕಾರಿನದು ಒಂದೇ ಬ್ರೇಕ್ ಸರ್ಕ್ಯೂಟ್. ಒಂದು ಕಪ್ ಹರಿದು ಆಯಿಲ್ ಸೋರಿದರೆ ನಾಲ್ಕೂ ಗಾಲಿಯ ಬ್ರೇಕ್ ಹೋಗುತ್ತದೆ. ಹೊಸಪೇಟೆ ರಸ್ತೆಯ ಅದಿರು ಲಾರಿಗಳ ಹಿಂದೆ ಹಾಗಾದರೆ ಗತಿಯೇನು?

ಎರಡೂ ಕಿಟ್‌ಗಳ ಹಣ, ವ್ಯರ್ಥವಾದ ಅರ್ಧ ಲೀಟರ್ ಬ್ರೇಕ್ ಆಯಿಲ್‌ನ ಹಣ 15 ದಿನದೊಳಗೆ ಮರಳಿಸಿ. ಇದೇ ಸರಕು ಕೊಂಡ ಉಳಿದವರಿಗೂ ಇಂದೇ ಫೋನ್ ಮಾಡಿ, ಕಾರು ಓಡಿಸಬೇಡಿ ಎಂದು ತಿಳಿಸಿ. ಉತ್ತರ ಬಾರದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಉಬ್ಬಿದ ಕಪ್‌ಗಳನ್ನು ಬಾಟಲಿ ಸಮೇತ ಎತ್ತಿಟ್ಟಿದ್ದೇನೆ. ಬಿಲ್ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಬಳ್ಳಾರಿ