ಮೈಸೂರಿನ ಗಾಡಿಗೆ ಮೈಸೂರಿನ ದಾರಿ ಬೇಕು

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಜಾವಾ, ಯೆಜ್ಡಿ ಅನ್ನುವ ಹಳೇ ಬೈಕ್ ಇಟ್ಟುಕೊಂಡವರೆಲ್ಲ ಅವತ್ತು ಒಂದು ಕಡೆ ಸೇರುತ್ತೇವೆ. ಜಾವಾ ಹುಟ್ಟಿದ ಜೆಕ್ ನಾಡಿನಲ್ಲಿ ಆಗ ಒಳ್ಳೆ ಬೇಸಿಗೆ. ನಮ್ಮಲ್ಲಿ ಮಳೆಗಾಲ, ಆದರೂ ಯಾರೂ ತಪ್ಪಿಸುವುದಿಲ್ಲ. ಬೆಂಗಳೂರಿನಲ್ಲೇ ಸೇರುತ್ತಿದ್ದ ನಾವು ಏಳು ಜನ ಗೆಳೆಯರು ಈ ಸಲ ಮೈಸೂರಿಗೆ ಹೋಗೋಣ ಅಂತ ತೀರ್ಮಾನ ಮಾಡಿದ್ದೇವೆ.

ಅದಕ್ಕೆ ಕಾರಣ ನಮ್ಮಪ್ಪ. ಅವರು ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದರು. 1961ರಲ್ಲಿ ಜಾವಾ ಗಾಡಿ ತಯಾರಿಸಲು ಶುರುಮಾಡಿ, ಆಮೇಲೆ ಯೆಜ್ಡಿಯನ್ನೂ ತಯಾರಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಅಪ್ಪನಿಗೆ ಎಂಬತ್ತು. ನನ್ನ 1984ರ ಯೆಜ್ಡಿ ರೋಡ್‌ಕಿಂಗ್ ಸ್ಟಾರ್ಟ್ ಮಾಡಿದರೆ ಒಳಗಿನ ಕೋಣೆಯಿಂದಲೇ ‘ಪಾಯಿಂಟ್ ಸ್ವಲ್ಪ ಜಾಸ್ತಿ ಬಿಟ್ಟಿದೆ, ನೋಡು’ ಅನ್ನುತ್ತಾರೆ. ಬಿಚ್ಚಿ ನೋಡಿದರೆ ಅವರು ಹೇಳಿದ್ದೇ ಸರಿ ಇರುತ್ತದೆ. ಕೆಲಸಕ್ಕೆ ಹೋಗುತ್ತಿದ್ದ ಆ ಬೀದಿಗೆ ಒಂದು ಸಲ ಯೆಜ್ಡಿಯ ಹಿಂದೆ ಕೂತು ಹೋಗಬೇಕು ಅನ್ನುವುದು ಅವರ ಆಸೆ.

ಗಾಡಿಯ ತಯಾರಿ ಮುಗಿದಿದೆ. ಹೊಸ ಪ್ಲಗ್, ಒಂದು ಹೆಚ್ಚುವರಿ ಕ್ಲಚ್ ಕೇಬಲ್, ಪಂಕ್ಚರ್ ಸಾಮಾನು, ಪೆಟ್ರೋಲಿಗೆ ಬೆರೆಸಲು ಎರಡು ಬಾಟಲಿ ಟೂ-ಟಿ ಆಯಿಲ್. ಪೆಟ್ರೋಲ್ ಬಂಕ್‌ಗಳಲ್ಲಿ ಈಗ ಆಯಿಲ್ ಬೆರೆಸಿ ಕೊಡುವವರಿಲ್ಲ. ಹಾಗಾಗಿ ಲೀಟರಿಗೆ ಇಷ್ಟು ಅಂತ ಗುರುತು ಹಾಕಿದ ಅಳತೆ ಲೋಟವನ್ನೂ ಬ್ಯಾಗಿನಲ್ಲಿ ಇಟ್ಟಿದ್ದೇನೆ. ತೀರ್ಮಾನವಾಗದೆ ಉಳಿದಿದ್ದು ಯಾವ ದಾರಿಯಲ್ಲಿ ಹೋಗುವುದು ಅನ್ನುವುದೊಂದೇ.

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ನೂರರ ವೇಗದಲ್ಲಿ ಕಾರುಗಳು ಓಡುವ ಕಡೆ ಅರವತ್ತರಲ್ಲಿ ಹೋಗುವ ನಮ್ಮ ಹಳೇ ಗಾಡಿಗಳಿಗೆ ಜಾಗವಿಲ್ಲ, ಒಪ್ಪುತ್ತೇನೆ. ಆದರೆ ಹತ್ತು ಪಥಗಳಲ್ಲಿ ನಾಲ್ಕು ಸರ್ವಿಸ್ ರಸ್ತೆಯದು ಅಲ್ವಾ? ನಮಗೆ ಅಂತ ಬಿಟ್ಟ ದಾರಿಯಾದರೂ ನೆಟ್ಟಗೆ ಕೊನೇವರೆಗೂ ಇರಬೇಡವೇ?

ಹೋದ ತಿಂಗಳು ಒಂದು ಭಾನುವಾರ ನಾನೊಬ್ಬನೇ ಆ ದಾರಿ ನೋಡಿಕೊಂಡು ಬರಲು ಹೋಗಿದ್ದೆ. ಬಿಡದಿವರೆಗೆ ತೊಂದರೆ ಇರಲಿಲ್ಲ. ಆಮೇಲೆ ಬೈಪಾಸ್ ಸಿಕ್ಕಲ್ಲೆಲ್ಲ ಗೊಂದಲ. ಬೈಕಿನವರು ಎತ್ತ ತಿರುಗಬೇಕು ಅನ್ನುವ ಫಲಕ ಕೆಲವು ಕಡೆ ಇಲ್ಲವೇ ಇಲ್ಲ. ಇದ್ದ ಕಡೆ ತಿರುವಿನ ತುದಿಯಲ್ಲಿದೆ, ಓದುವಷ್ಟರಲ್ಲಿ ದಾಟಿ ಹೋಗಿರುತ್ತೇವೆ. ಮದ್ದೂರಿಗೆ ಮುಂಚೆ ಒಂದು ಕಡೆ ಸರ್ವಿಸ್ ರಸ್ತೆ ಸುಮ್ನೆ ಮಣ್ಣಿನಲ್ಲಿ ನಿಂತುಹೋಯಿತು. ಮುಂದೆ ತಂತಿ ಬೇಲಿ. ವಾಪಸ್ ತಿರುಗಿದರೆ ಎದುರಿಗೆ ಬರುವ ಗಾಡಿಗಳು.

ಅಲ್ಲಿ ನನ್ನ ಹಿಂದೆಯೇ ಒಬ್ಬರು ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದರು. ಎರಡೂ ಕಡೆ ಹಾಲಿನ ಕ್ಯಾನ್. ಅವರು ನಿಲ್ಲಿಸಲೂ ಇಲ್ಲ. ಬೇಲಿಯ ಪಕ್ಕದ ಚರಂಡಿ ಅಂಚಿನಲ್ಲಿ ಎರಡೂ ಕಾಲು ನೆಲಕ್ಕೆ ಊರುತ್ತಾ, ಗಾಡಿಯನ್ನು ಒಂದೊಂದೇ ಗೇಣು ಮುಂದೆ ದೂಡುತ್ತಾ ಹೋದರು. ಕ್ಯಾನಿನ ಮುಚ್ಚಳದ ಸುತ್ತ ಹಾಲು ತುಳುಕುತ್ತಿತ್ತು. ‘ದಿನಾ ಹಿಂಗೇನಾ ಅಣ್ಣಾ?’ ಅಂತ ಕೇಳಿದೆ. ‘ಇನ್ನೇನ್ ಮಾಡದು, ಸುತ್ತಾಕಂಡ್ ಹೋದ್ರೆ ಡೇರಿ ಬಾಗ್ಲಾಕ್ತಾರೆ’ ಅಂದರು.

ಈ ಪತ್ರ ಬರೆಯಬೇಕು ಅನ್ನಿಸಿದ್ದು ಆಗಲೇ. ನಮ್ಮದು ವರ್ಷಕ್ಕೆ ಒಂದು ದಿನದ ಪ್ರಯಾಣ. ರಾಮನಗರದ ಮಾರುಕಟ್ಟೆಗೆ ಬೈಕಿನಲ್ಲಿ ರೇಷ್ಮೆ ಗೂಡು ತರುವವರು, ಮಂಡ್ಯಕ್ಕೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು, ಇವರೆಲ್ಲ ದಿನಾ ಇದೇ ದಾರಿಯಲ್ಲಿ ಓಡಾಡಬೇಕು. ರಾತ್ರಿ ದೀಪವಿಲ್ಲದ ಅಂಡರ್‌ಪಾಸಿನಲ್ಲಿ ಮಳೆ ನೀರು ನಿಂತಿದ್ದರೆ ಅದರ ಆಳ ಬೈಕಿನವರಿಗೆ ಹೇಗೆ ಗೊತ್ತಾಗಬೇಕು?

ಹೆದ್ದಾರಿ ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೇ. ಸರ್ವಿಸ್ ರಸ್ತೆ ಎಲ್ಲೆಲ್ಲಿ ತುಂಡಾಗಿದೆಯೋ ಅಲ್ಲಿ ಮೊದಲು ಜೋಡಿಸಿ. ಅಷ್ಟೂ ಕೆಲಸ ಮುಗಿಯುವವರೆಗೆ ಕಾಯಬೇಕಾದರೆ, ಬೈಕಿನವರು ಬಳಸಬೇಕಾದ ದಾರಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ತಿರುವಿಗೆ ಅರ್ಧ ಕಿಲೋಮೀಟರ್ ಮುಂಚೆಯೇ ಬರೆಸಿ. ಫಲಕ ಹಾಕಲು ವರ್ಷಗಟ್ಟಲೆ ಬೇಕಿಲ್ಲ. ಅಧಿಕಾರಿಗಳು ಒಮ್ಮೆ ಬೆಂಗಳೂರಿನಿಂದ ಮೈಸೂರಿಗೆ ಬೈಕಿನಲ್ಲೇ ಹೋಗಿ ನೋಡಿದರೆ ಎಲ್ಲೆಲ್ಲಿ ಏನು ಬೇಕು ಅಂತ ಅವರಿಗೇ ತಿಳಿಯುತ್ತದೆ.

ಈ ಸಲ ನಾವು ಕನಕಪುರ, ಮಳವಳ್ಳಿ, ಬನ್ನೂರು ದಾರಿಯಲ್ಲಿ ಹೋಗುತ್ತೇವೆ. ಬೆಳಿಗ್ಗೆ ಐದಕ್ಕೆ ಹೊರಡುವುದು, ಹಲಗೂರಿನಲ್ಲಿ ಕಾಫಿ. ಅಪ್ಪನನ್ನು ಅಷ್ಟು ದೂರ ಹಿಂದೆ ಕೂರಿಸಿಕೊಂಡು ಹೋಗುವ ಧೈರ್ಯ ನನಗಿಲ್ಲ. ಅವರು ನನ್ನ ಹೆಂಡತಿಯ ಜೊತೆ ರೈಲಿನಲ್ಲಿ ಬರುತ್ತಾರೆ. ಮೈಸೂರು ರೈಲು ನಿಲ್ದಾಣದಿಂದ ಯಾದವಗಿರಿಗೆ ನನ್ನ ಗಾಡಿಯಲ್ಲಿ. ಹೆಲ್ಮೆಟ್ ಮೊನ್ನೆಯೇ ಕೊಂಡು ತಂದಿದ್ದಾರೆ.

– ಯೆಜ್ಡಿ ಸವಾರ, ರಾಜಾಜಿನಗರ, ಬೆಂಗಳೂರು